‘ಇಂದ’ ಎಂದರೆ ಬರೀ ‘ಸಿನ್ಸ್’ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣವನ್ನು ಕತ್ತರಿಸಿಟ್ಟುಕೊಂಡು ಓದುವವಳು ನಾನು. ಕಳೆದ ವಾರ ಕಾಲಗಳ ಹನ್ನೆರಡು ಮನೆಗಳ ಕೋಷ್ಟಕ ಅಚ್ಚುಕಟ್ಟಾಗಿ ಬಂದಿತ್ತು. ಆದರೆ ಅದರ ಕೆಳಗೆ ‘ಸಿನ್ಸ್ ಎಂದರೆ ಇಂದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯೆನಿಸಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನಾನು ಅತಿ ಹೆಚ್ಚು ಕೆಂಪು ಶಾಯಿ ಸುರಿದದ್ದು ಈ ಪ್ರತ್ಯಯದ ಮೇಲೆಯೇ.

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ಅರ್ಜಿ ತೋರಿಸಲು ಬಂದಿದ್ದ. ಮೊದಲ ಸಾಲೇ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೋರ್ ಇಯರ್ಸ್’. ‘ನಾಲ್ಕು ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ಒಳ್ಳೆಯ ಕನ್ನಡವನ್ನು ಅವನು ಹಾಗೆಯೇ ಇಳಿಸಿದ್ದ. ನಮಗೆ ‘2021ರಿಂದ’ ಎನ್ನಲೂ ‘ನಾಲ್ಕು ವರ್ಷಗಳಿಂದ’ ಎನ್ನಲೂ ಒಂದೇ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಶುರುವಾದ ಹೊತ್ತನ್ನು ಹೇಳಿದರೆ ‘ಸಿನ್ಸ್’, ಅವಧಿಯನ್ನು ಅಳೆದು ಹೇಳಿದರೆ ‘ಫಾರ್’. ಅಷ್ಟಕ್ಕೇ ಮುಗಿಯದು. ನಮ್ಮ ‘ಮಾಡುತ್ತಿದ್ದೇನೆ’ ಇಂದಿನಲ್ಲಿ ನಿಂತೇ ಹಿಂದಿನ ನಾಲ್ಕು ವರ್ಷವನ್ನೂ ಹೊರುತ್ತದೆ. ‘ಆ್ಯಮ್ ವರ್ಕಿಂಗ್’ಗೆ ಆ ಶಕ್ತಿಯಿಲ್ಲ. ಅಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಎರಡು ವಾಕ್ಯಗಳನ್ನೂ ಒಂದರ ಕೆಳಗೊಂದು ಬರೆದು ತೋರಿಸಿದೆ. ‘ಇದನ್ನು ಹೀಗೆ ಯಾರೂ ಹೇಳಿರಲಿಲ್ಲ ಮೇಡಂ’ ಎಂದ. ಆ ಮಾತು ಚುಚ್ಚಿತು. ಎಂಟನೇ ತರಗತಿಯಲ್ಲಿ ಅವನಿಗೆ ಕೋಷ್ಟಕ ಬಾಯಿಪಾಠ ಮಾಡಿಸಿದವಳು ನಾನೇ.

ಅದೇ ಅರ್ಜಿಯ ಕೊನೆಯಲ್ಲಿ ‘ಐ ಹ್ಯಾವ್ ಸೆಂಟ್ ಮೈ ಸರ್ಟಿಫಿಕೇಟ್ಸ್ ಯೆಸ್ಟರ್‌ಡೇ’ ಎಂದಿತ್ತು. ‘ನಿನ್ನೆಯೇ ಕಳುಹಿಸಿದ್ದೇನೆ’ ಎನ್ನುವುದು ಕನ್ನಡಕ್ಕೆ ಸಹಜ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಟೂ ಡೇಸ್ ಅಗೋ’ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಜಾಗ ಬಿಡಬೇಕು. ಬರೀ ‘ಸೆಂಟ್’ ಸಾಕು. ‘ದಿಸ್ ಮಾರ್ನಿಂಗ್’ ಇನ್ನೂ ಸೂಕ್ಷ್ಮ. ಬೆಳಿಗ್ಗೆ ಹತ್ತಕ್ಕೆ ‘ಐ ಹ್ಯಾವ್ ಸೀನ್ ಹಿಮ್ ದಿಸ್ ಮಾರ್ನಿಂಗ್’ ಎನ್ನಬಹುದು, ಬೆಳಗು ಇನ್ನೂ ಮುಗಿದಿಲ್ಲ. ಸಂಜೆ ನಾಲ್ಕಕ್ಕೆ ಅದೇ ಸಂಗತಿಯನ್ನು ‘ಐ ಸಾ ಹಿಮ್ ದಿಸ್ ಮಾರ್ನಿಂಗ್’ ಎಂದೇ ಹೇಳಬೇಕು. ಇದನ್ನು ಕೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಕಂಡಿದ್ದೇನೆ.

ಕೆಲವೆಡೆ ಕನ್ನಡವೇ ಕೈಹಿಡಿಯುತ್ತದೆ. ‘ಶುಕ್ರವಾರದೊಳಗೆ’ ಎಂದರೆ ‘ಬೈ ಫ್ರೈಡೇ’, ‘ಶುಕ್ರವಾರದವರೆಗೆ’ ಎಂದರೆ ‘ಅಂಟಿಲ್ ಫ್ರೈಡೇ’. ಈ ವ್ಯತ್ಯಾಸ ಮನೆಮಾತಿನಲ್ಲೇ ಇದ್ದರೂ ಮಕ್ಕಳು ‘ಅಂಟಿಲ್ ಫ್ರೈಡೇ ಮುಗಿಸಿ ಕೊಡುತ್ತೇನೆ’ ಎಂಬಂತೆ ಬರೆಯುತ್ತಾರೆ, ಏಕೆಂದರೆ ತಮ್ಮ ಮಾತನ್ನೇ ಒಮ್ಮೆ ನೋಡಿಕೊಳ್ಳಿ ಎಂದು ನಾವು ಹೇಳಿಲ್ಲ.

ಮುಂದಿನ ಪಾಠಗಳಲ್ಲಿ ಪ್ರತಿ ಕ್ರಿಯಾರೂಪದ ಪಕ್ಕದಲ್ಲಿ ಅದಕ್ಕೆ ಒಗ್ಗುವ ಕಾಲಸೂಚಕ ಪದಗಳನ್ನೂ ಒಂದು ಕನ್ನಡ ವಾಕ್ಯವನ್ನೂ ದಯವಿಟ್ಟು ಅಚ್ಚು ಮಾಡಿಸಿ. ಕಳೆದ ವಾರದ ಆ ಒಂದು ಸಾಲಿಗೆ ತಿದ್ದುಪಡಿಯನ್ನೂ ಬೇಗ ಪ್ರಕಟಿಸಿ. ಪರೀಕ್ಷೆ ಹತ್ತಿರವಿದೆ, ಎಷ್ಟೋ ಮಕ್ಕಳು ಅದನ್ನು ಈಗಾಗಲೇ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿರುತ್ತಾರೆ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ