ಬಾತಿ ದಾರಿಯ ಜಮೀನಿನ ವಿಚಾರ

ಮ್ಯೂನಿಕ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ಅವ್ವನಿಗೂ ತಿಳಿಸಿ.

ಅಜ್ಜನ ಜಮೀನಿನಲ್ಲಿ ಸೈಟು ಮಾಡಲು ಲೇಔಟ್‌ನವರು ಮುಂಗಡ ಹಿಡಿದು ಬಂದಿರುವುದು, ಅಷ್ಟರಲ್ಲೇ ನಿಮ್ಮ ಒಡಹುಟ್ಟಿದ ಗಂಗತ್ತೆಯ ಕಡೆಯಿಂದ ಪಾಲು ಕೇಳಿ ವಕೀಲರ ನೋಟೀಸು ಬಂದಿರುವುದು, ಇವೆರಡನ್ನೂ ಹಚ್ಚಿಕೊಂಡು ನೀವು ನಿದ್ದೆಗೆಟ್ಟಿರುವುದು ನಿಮ್ಮ ಪತ್ರದಿಂದ ತಿಳಿಯಿತು. ಅತ್ತೆಗೆ ಮದುವೆಯಲ್ಲಿ ಕೊಡುವುದನ್ನೆಲ್ಲ ಕೊಟ್ಟಾಗಿದೆ, ಇನ್ನೆಲ್ಲಿಯ ಪಾಲು ಎಂಬ ನಿಮ್ಮ ಮಾತಿಗೆ ಊರಿನವರು ತಲೆಯಾಡಿಸಬಹುದು, ಕೋರ್ಟು ಒಪ್ಪುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ; ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗದೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರವಿದ್ದಿದ್ದರೆ ಮಾತು ಬೇರೆ. ನಮ್ಮಲ್ಲಿರುವುದು ಪಂಚರು ಸಹಿ ಹಾಕಿದ ಬಿಳಿ ಹಾಳೆಯ ಪಾಲುಪಟ್ಟಿ. ಅಜ್ಜ ತೀರಿದ ಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆಯನ್ನೂ ಮಾಡಿಸದೆ ಪಹಣಿಯಲ್ಲಿ ಇಂದಿಗೂ ಅಜ್ಜನ ಹೆಸರೇ ಇರುವಾಗ, ಪಾಲಾಗಿದೆ ಎಂದು ಯಾವ ಸರ್ಕಾರಿ ದಾಖಲೆಯನ್ನು ತೋರಿಸುತ್ತೀರಿ?

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಒಂದನ್ನು ಬರೆದುಕೊಟ್ಟರೆ ಉಳಿದದ್ದೆಲ್ಲ ತಾವೇ ನೋಡಿಕೊಳ್ಳುತ್ತೇವೆ ಎಂದು ಲೇಔಟ್‌ನವರು ಹೇಳಿದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿದೆ. ಜಿಪಿಎ ಮೇಲಿನ ಮಾರಾಟದಿಂದ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು 2011ರಲ್ಲೇ ತೀರ್ಪಾಗಿದೆ. ಅವರು ನಿಮ್ಮ ಹೆಸರಿನಲ್ಲಿ ಸೈಟು ಮಾರಿ ಹಣ ಎತ್ತಿಕೊಂಡರೆ, ನಾಳೆ ಸೈಟು ಕೊಂಡವರು ಬಂದು ನಿಲ್ಲುವುದು ನಮ್ಮ ಮನೆಯ ಬಾಗಿಲಿಗೆ. ಕೃಷಿ ಜಮೀನನ್ನು ಸೈಟಿಗೆ ಬದಲಿಸುವ ಅಲಿನೇಷನ್ ಆಗಬೇಕಾದರೂ, ನಗರಾಭಿವೃದ್ಧಿ ಪ್ರಾಧಿಕಾರವಾದ ದೂಡಾದಲ್ಲಿ ನಕ್ಷೆಗೆ ಒಪ್ಪಿಗೆ ಸಿಗಬೇಕಾದರೂ ಮೊದಲು ಪಹಣಿ ಸರಿಯಾಗಬೇಕು. ಆದ್ದರಿಂದ ಗಂಗತ್ತೆಯನ್ನು ಮನೆಗೆ ಕರೆಸಿ ಮಾತನಾಡಿ. ಪಾಲು ಕೊಟ್ಟರೆ ವಿಭಾಗ ಪತ್ರ, ಹಣ ಕೊಟ್ಟರೆ ಹಕ್ಕು ಬಿಡುಗಡೆ ಪತ್ರ, ಯಾವುದಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲಿ. ಅತ್ತೆಯ ಮಗನ ಮಾತು ಒರಟು ನಿಜ, ಆದರೆ ಅತ್ತೆ ಕೇಳುತ್ತಿರುವುದು ನ್ಯಾಯವೇ.

ಇಲ್ಲಿ ನಾವು ಫ್ಲಾಟ್ ಕೊಂಡಾಗ ನೋಟರಿಯವರು ಇಡೀ ಕರಾರನ್ನು ಮಠದಲ್ಲಿ ಪುರಾಣ ಓದಿದಂತೆ ಗಟ್ಟಿಯಾಗಿ ಓದಿದರು. ಹಾಗೆ ಓದಲೇಬೇಕೆಂದು ಜರ್ಮನಿಯ ಕಾನೂನೇ ಇದೆ. ಆಮೇಲೆ ಕೋರ್ಟಿನ ಭೂದಾಖಲೆಯಲ್ಲಿ ಹೆಸರು ಏರಿದ ಮೇಲಷ್ಟೇ ಒಡೆತನ. ನಿಮ್ಮ ಅಳಿಯಂದಿರು ಅರ್ಧಕ್ಕೇ ತೂಕಡಿಸಿದರು. ನಗಬೇಡಿ; ಲೇಔಟ್‌ನವರು ತಂದ ಕಾಗದವನ್ನು ನಿಮಗೆ ಯಾರಾದರೂ ಪೂರ್ತಿ ಓದಿ ಹೇಳಿದ್ದಾರೆಯೇ?

ಮಗಳಿಗೂ ಹಕ್ಕು ಕೊಟ್ಟ ನಮ್ಮ 2005ರ ಕಾನೂನಿನಂತೆ ನನ್ನ ಸಹಿಯೂ ಬೇಕಾಗುತ್ತದೆ. ವಿಭಾಗ ಪತ್ರಕ್ಕೆ ಮಾತ್ರ ಅನ್ವಯಿಸುವಂತೆ ಸುರೇಶನ ಹೆಸರಿಗೆ ಅಧಿಕಾರ ಪತ್ರ ಬರೆದು, ಇಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸುತ್ತೇನೆ. ಅದು ಕೈಸೇರಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅವನ ಸೋಮಾರಿತನ ನಿಮಗೆ ಗೊತ್ತೇ ಇದೆ.

ನೀವು ಏನೂ ಚಿಂತೆ ಮಾಡಬೇಡಿ. ಏನೂ ಆಗಿಲ್ಲ, ಏನೂ ಆಗುವುದೂ ಇಲ್ಲ. ನೋಟೀಸಿಗೆ ನಮ್ಮ ವಕೀಲರಿಂದ ಉತ್ತರ ಕೊಡಿಸಿ, ಮುಂಗಡ ಮುಟ್ಟಬೇಡಿ, ಬಿಪಿ ಗುಳಿಗೆ ತಪ್ಪಿಸಬೇಡಿ. ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ಇತಿ ನಿಮ್ಮ ಮಗಳು,
ಶೋಭಾ