ಎಷ್ಟು ಹಾಕೋದು ಅಂತ ಕೇಳಿದ್ದೆಯಲ್ಲ ಭಾವ

ಪ್ರೀತಿಯ ಭಾವ,

ಕಾರವಾರದಲ್ಲಿ ಮೂರು ದಿನದಿಂದ ಬಿಡದೆ ಮಳೆ. ಹಗ್ಗದ ಮೇಲಿನ ಬಟ್ಟೆ ಒಣಗಿಲ್ಲ, ನಿನ್ನ ಮೆಸೇಜಿಗೆ ಉತ್ತರವನ್ನೂ ಕೊಟ್ಟಿಲ್ಲ. "ಭಾನುವಾರದ ಫೈಟಿಗೆ ಎಷ್ಟು ಹಾಕಲಿ?" ಅಂತ ನೀನು ಕೇಳಿದ್ದೆ. ಎಂಎಂಎ, ಅಂದರೆ ಪಂಜರದೊಳಗೆ ಕೈಕಾಲಿನಿಂದ ಹೊಡೆದಾಡುವ ಆಟ, ಅದರ ಮೇಲೆ ಕಟ್ಟುವ ಬಾಜಿ. ಯಾರ ಮೇಲೆ ಅಂತ ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ. ಎಷ್ಟು ಅಂದಿದ್ದಕ್ಕೆ ಬರೆಯಲು ಕೈ ಬರಲಿಲ್ಲ. ನಮ್ಮ ಕಡೆಯ ಹುಡುಗರು ಇನ್ನೂ ನಾಲ್ಕು ಜನ ಇದನ್ನೇ ಕೇಳಿದ್ದಾರೆ, ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

1956ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಜಾನ್ ಕೆಲ್ಲಿ ಇದಕ್ಕೊಂದು ಸೂತ್ರ ಕೊಟ್ಟ. ಅದು ಕೇಳುವುದು ಮೂರೇ ಪ್ರಶ್ನೆ. ಗೆದ್ದರೆ ಎಷ್ಟು ಸಿಗುತ್ತದೆ? ಗೆಲ್ಲುವ ಸಾಧ್ಯತೆ ಎಷ್ಟು? ನಿನ್ನ ಹತ್ತಿರ ಎಷ್ಟಿದೆ? ಮೊದಲನೆಯದನ್ನು ಬೆಟ್ಟಿಂಗ್ ಆ್ಯಪ್ ಹೇಳುತ್ತಿತ್ತು. ಎರಡನೆಯದನ್ನು ನಾವೇ ಹೇಳಬೇಕು. ಈ ಆಟದಲ್ಲಿ ಅದೇ ಕಷ್ಟ. ಕ್ರಿಕೆಟ್ ಆಡುವವರನ್ನು ವರ್ಷವಿಡೀ ನೋಡುತ್ತೇವೆ. ಇವರು ವರ್ಷಕ್ಕೆ ಎರಡೋ ಮೂರೋ ಸಲ ಕೇಜಿಗೆ ಇಳಿಯುತ್ತಾರೆ. ನಡುವೆ ಮೊಣಕಾಲು ಏನಾಯಿತು, ತೂಕ ಇಳಿಸಲು ಮೈ ಎಷ್ಟು ಒಣಗಿಸಿಕೊಂಡರು, ಒಂದೂ ಗೊತ್ತಾಗೋದಿಲ್ಲ. ಗ್ಲೌಸೋ ನಾಲ್ಕೇ ಔನ್ಸ್. ಒಂದು ಏಟು ಸರಿಯಾಗಿ ಬಿದ್ದರೆ 24 ನಿಮಿಷದ ಲೆಕ್ಕ ಅಲ್ಲೇ ಮುಗಿಯಿತು.

24 ನಿಮಿಷ ಅಂತ ಸುಮ್ನೆ ಹೇಳಲಿಲ್ಲ. 2022ರ ಆಗಸ್ಟ್ 21, ಭಾನುವಾರ ಬೆಳಿಗ್ಗೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಆಗಿನ್ನೂ ಶನಿವಾರ ರಾತ್ರಿ. ಕಮಾರು ಉಸ್ಮಾನ್ ಎದುರು ಲಿಯಾನ್ ಎಡ್ವರ್ಡ್ಸ್. ನೀನು ವಿಡಿಯೋ ಕಾಲಿನಲ್ಲಿದ್ದೆ, "ಛತ್ರಿ ಮಡಚೋ" ಅಂತ ಎಡ್ವರ್ಡ್ಸ್ ಪರವಾಗಿ ನನ್ನನ್ನು ಛೇಡಿಸುತ್ತಿದ್ದೆ. ನಾಲ್ಕು ಸುತ್ತು ಮುಗಿದಾಗ ಮೂವರೂ ತೀರ್ಪುಗಾರರ ಅಂಕದಲ್ಲಿ ಉಸ್ಮಾನ್ ಮುಂದಿದ್ದ. ಐದನೇ ಸುತ್ತಿನಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಎಡ್ವರ್ಡ್ಸ್ ಎಡಗೈ ತೋರಿಸಿದ, ಉಸ್ಮಾನ್ ತಲೆ ಪಕ್ಕಕ್ಕೆ ವಾಲಿಸಿದ, ಅಲ್ಲಿಗೇ ಎಡಗಾಲು ಬಂತು, ಉಸ್ಮಾನ್ ಬಿದ್ದ. ನೀನು ಎದ್ದು ಕುಣಿದೆ. ನಾನು ನೆಟ್‌ವರ್ಕ್ ಹೋಗ್ತಾ ಇದೆ ಅಂತ ಕಾಲ್ ಕಟ್ ಮಾಡಿದೆ.

ನೆಟ್‌ವರ್ಕ್ ಹೋಗಿರಲಿಲ್ಲ ಭಾವ. 15,000 ಹೋಗಿತ್ತು.

ಅವತ್ತು ಲೆಕ್ಕ ಬರೆದ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಈಗ ಎದುರಿಗೇ ಇಟ್ಟುಕೊಂಡಿದ್ದೇನೆ. ಸಾವಿರಕ್ಕೆ 250 ಲಾಭ. ಖಾತೆಯಲ್ಲಿ 20,000. ಉಸ್ಮಾನ್ ಗೆಲ್ಲುವ ಸಾಧ್ಯತೆ ನೂರಕ್ಕೆ 85 ಅಂತ ಮೊದಲು ಬರೆದಿದ್ದೆ. ಅದಕ್ಕೆ ಸೂತ್ರ 5,000 ಹಾಕು ಅಂತು. ನನಗದು ಸಾಕಾಗಲಿಲ್ಲ. 8ನ್ನು ತಿದ್ದಿ 9 ಮಾಡಿದೆ. 95 ಅಂದ ಕೂಡಲೇ ಸೂತ್ರವೇ 15,000 ಅಂತು. 80 ಅಂತ ಬರೆದಿದ್ದರೆ ಒಂದು ರೂಪಾಯಿಯೂ ಬೇಡ ಅನ್ನುತ್ತಿತ್ತು. ಆ 9ರ ಹೊಟ್ಟೆಯೊಳಗೆ 8ರ ಗೆರೆ ಇವತ್ತಿಗೂ ಕಾಣುತ್ತದೆ.

ಇಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ಮೂರನೇ ಪ್ರಶ್ನೆ ಉಳಿಯಿತಲ್ಲ. ಆ 20,000ದಲ್ಲಿ 14,000 ಅಪ್ಪಯ್ಯನದು. ಅಡಿಕೆ ತೋಟಕ್ಕೆ ಇನ್ನೊಂದು ಸಲ ಕೊಳೆರೋಗದ ಔಷಧಿ ಹೊಡೆಸಲು ಕಳಿಸಿದ್ದರು. ಮೈಲುತುತ್ತ, ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಮುಂಗಡ. ಸೋಮವಾರ ರಜೆ ಹಾಕಿ ಶಿರಸಿಯಿಂದ ನಾನೇ ಎಲ್ಲ ತರುವುದು ಅಂತ ಮಾತಾಗಿತ್ತು. ಆಫೀಸಿನಲ್ಲಿ ರಜೆ ಕೊಡಲಿಲ್ಲ ಅಂತ ಸುಳ್ಳು ಹೇಳಿದೆ. ಸಂಬಳ ಬಂದು ಔಷಧಿ ಹೊಡೆಸುವ ಹೊತ್ತಿಗೆ ಎರಡು ವಾರ ತಡವಾಗಿತ್ತು. ನಾನು ಮನೆಗೆ ಹೋದಾಗ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಮರದ ಬುಡದಲ್ಲಿ ಉದುರಿದ ಹಸಿ ಅಡಿಕೆ ಹೆಕ್ಕುತ್ತಿದ್ದರು. ಒಂದೊಂದರ ಮೇಲೂ ಬಿಳಿ ಬೂಷ್ಟು. "ಮಳೆ ಜಾಸ್ತಿಯಾತು, ಎಂತ ಮಾಡೂದು" ಅಂದರು. ನಾನೂ ಹೌದು ಅಂದೆ. ಒಂದು ಬುಟ್ಟಿ ತಂದು ಅವರ ಜೊತೆ ಹೆಕ್ಕಿದೆ.

ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಅದಕ್ಕೇ ನೀನು ಈಗ ಆ ಬುಕ್ಕಿ ಮನುಷ್ಯನ ಹಿಂದೆ ಬಿದ್ದಿರೋದು. ಫೋನಿನಲ್ಲೇ ಬರೆದುಕೊಳ್ಳುತ್ತಾನೆ, ಉದ್ರಿ ಕೊಡುತ್ತಾನೆ ಅಂತ ಖುಷಿಯಿಂದ ಬರೆದಿದ್ದೀಯ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ಉದ್ರಿ ಅಂದಮೇಲೆ ನಿನ್ನ ಹತ್ತಿರ ಎಷ್ಟಿದೆ ಅಂತ ಕೇಳುವವರೇ ಇಲ್ಲ. ನನಗೆ 20,000ಕ್ಕಾದರೂ ಒಂದು ಬೇಲಿ ಇತ್ತು. ಭಾವ, ಏನೂ ಹಾಕಬೇಡ. ಕೈ ಮುಗಿದು ಹೇಳುತ್ತಿದ್ದೇನೆ.

ತಂಗಿ ಇದನ್ನು ಓದುತ್ತಾಳೆ, ರಾತ್ರಿಯೊಳಗೆ ಅಪ್ಪಯ್ಯನಿಗೆ ಓದಿ ಹೇಳುತ್ತಾಳೆ. ಅದಕ್ಕೆ ಮೊದಲು ನಾನೇ ಫೋನ್ ಮಾಡಬೇಕು. ಇದನ್ನು ಹಾಕಿದ ಕೂಡಲೇ ಮಾಡುತ್ತೇನೆ.

ಭಾನುವಾರ ಬೆಳಗಿನ ಬಸ್ಸಿಗೇ ಬಂದುಬಿಡು. ಫೈಟ್ ಒಟ್ಟಿಗೇ ನೋಡೋಣ. ಬಾಜಿ ಮೊದಲಿನದೇ: ಸೋತವರು ತೊಡೆದೇವು ತರುವುದು. ಕಳೆದ ಸಲದ್ದು ನೀನಿನ್ನೂ ಬಾಕಿ ಇಟ್ಟಿದ್ದೀಯ, ಹನ್ನೆರಡು. ನನ್ನ ಹತ್ತಿರ ಲೆಕ್ಕ ಇದೆ. ಛತ್ರಿ ಮಾತ್ರ ಮಡಚಿಕೊಂಡೇ ಬಾ.

ನಿನ್ನ,
ಭಾವ