ತೋಟಿಯ ಕೈಲಿ ಕಳಿಸಿದ್ದು

ಪ್ರೀತಿಯ ಗೆಳೆಯಾ,

ಹೋದ ವಾರ ಊರಿಗೆ ಹೋಗಿದ್ದೆ. ಹಳೇ ಮನೆಯ ಹಿಂದಿನ ಗೋಡೆ ಈ ಮಳೆಗೆ ಕೂತುಬಿಟ್ಟಿದೆ. ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ, ಮಾರಿಬಿಡೋಣ ಅಂದ ಅಣ್ಣ. ಮಾರುವ ಮೊದಲು ಅಟ್ಟ ಖಾಲಿ ಮಾಡಬೇಕಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಾಳೆ ಪಾತ್ರೆಗಳನ್ನು ಅತ್ತಿಗೆ ಮೊದಲೇ ಇಳಿಸಿಕೊಂಡಿದ್ದರು. ನನಗೆ ಉಳಿದದ್ದು ಇಲಿ ತಿಂದ ಪಂಚಾಂಗಗಳು, ಒಂದು ಮುರಿದ ತೊಟ್ಟಿಲು, ತಾತನ ತಗಡಿನ ಟ್ರಂಕು.

ಆ ಟ್ರಂಕಿನ ವಿಷಯಕ್ಕೇ ಈ ಕಾಗದ. ಫೋನ್ ಮಾಡೋಣ ಅಂತ ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಫೋನಿನಲ್ಲಾದರೆ ನೀನು "ಬಿಡೋ ಅದೆಲ್ಲ" ಅನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಮೂವತ್ತೈದು ವರ್ಷ ಹಾಗೇ ಬಿಟ್ಟುಕೊಂಡು ಬಂದಿದ್ದೀವಿ.

ಟ್ರಂಕಿನ ತುಂಬ ತಾತನ ಲೆಕ್ಕದ ಪುಸ್ತಕಗಳು. ದಿನದ ಖರ್ಚನ್ನು ಪೈಸೆ ಸಮೇತ ಬರೆದಿದ್ದಾರೆ. ಶಾನುಭೋಗಿಕೆ ಮಾಡಿದ ಕೈ ನೋಡು, ಒಂದಕ್ಷರ ಸಾಲು ಬಿಟ್ಟು ಜಾರಿಲ್ಲ. 1963ರ ಪುಸ್ತಕದ ಮಧ್ಯೆ ಒಂದು ಅರ್ಜಿಯ ನಕಲು ಮಡಚಿಟ್ಟಿತ್ತು. ಶಾನುಭೋಗಿ ಉಂಬಳಿ ಜಮೀನನ್ನು ಅರ್ಜಿದಾರನಿಗೇ ಮರುಮಂಜೂರು ಮಾಡಿಕೊಡಬೇಕು ಅಂತ. ಅದೇ ಪುಟದ ಲೆಕ್ಕದಲ್ಲಿ ಈ ಸಾಲು: "ತೋಟಿಯ ಕೈಲಿ ತಾಲ್ಲೂಕು ಕಛೇರಿಗೆ ಕಾಗದ ಕಳಿಸಿದ್ದು, 50 ನ.ಪೈ."

ನಮ್ಮ ಮನೆ ಕಾಗದ ಹೊತ್ತು ತಾಲ್ಲೂಕಿಗೆ ಹೋಗುತ್ತಿದ್ದದ್ದು ನಿಮ್ಮ ತಾತ ಅಂತ ಹೈಸ್ಕೂಲಿನಲ್ಲಿ ನೀನೇ ಹೇಳಿದ್ದೆ. ನಾನು ಆಗ ಅದನ್ನು ನಮ್ಮಿಬ್ಬರ ಮನೆಗೆ ಹಳೇ ನಂಟು ಅನ್ನೋ ಹಾಗೆ ಕೇಳಿಸಿಕೊಂಡು ಖುಷಿಪಟ್ಟಿದ್ದೆ.

ಇದರ ಹಿನ್ನೆಲೆ ನಿನಗೆ ಗೊತ್ತಿದ್ದೇ ಇರುತ್ತೆ. ನನಗೆ ಪೂರ್ತಿ ಗೊತ್ತಾದದ್ದು ಈಗ. ಪಟೇಲ, ಶಾನುಭೋಗ, ತಳವಾರ, ನೀರುಗಂಟಿ, ತೋಟಿ, ಇವೆಲ್ಲ ಅಪ್ಪನಿಂದ ಮಗನಿಗೆ ಬರುತ್ತಿದ್ದ ಊರ ಚಾಕರಿಗಳು. ಚಾಕರಿಗೆ ಪ್ರತಿಯಾಗಿ ಉಂಬಳಿ ಜಮೀನು. 1961ರಲ್ಲಿ ಮೈಸೂರು ಸರ್ಕಾರ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. 1963ರ ಫೆಬ್ರವರಿ 1ಕ್ಕೆ ಅದು ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ, ತೋಟಿ ಕೆಲಸ ಎಲ್ಲ ಒಂದೇ ದಿನ ಹೋಯಿತು. ಉಂಬಳಿ ಸರ್ಕಾರಕ್ಕೆ ಸೇರಿತು. ಆದರೆ ಅರ್ಜಿ ಹಾಕಿಕೊಂಡು, ಗೊತ್ತುಮಾಡಿದ ಹಣ ಕಟ್ಟಿದರೆ, ಹುದ್ದೆಯಲ್ಲಿದ್ದವರಿಗೇ ಆ ಜಮೀನು ವಾಪಸ್. ಆಫೀಸಿನವರು ಇದಕ್ಕೆ ರೀಗ್ರಾಂಟ್ ಅಂತಾರೆ. ಶಾನುಭೋಗನಿಗೆ ಎಷ್ಟು ಹಕ್ಕಿತ್ತೋ ತೋಟಿಗೂ ಅಷ್ಟೇ ಹಕ್ಕಿತ್ತು, ಕಾನೂನಿನಲ್ಲಿ.

ನಮ್ಮ ತಾತ ತಮ್ಮ ಅರ್ಜಿ ಬರೆದುಕೊಂಡರು. ಚಿಕ್ಕತಾತನಿಗೆ ಬರೆದುಕೊಟ್ಟರು. ಪಟೇಲರಿಗೂ ಬರೆದುಕೊಟ್ಟರು. ಮೂರರ ನಕಲೂ ಇದೆ. ತೋಟಿ ಉಂಬಳಿಗೆ ಒಂದು ಚೀಟಿಯೂ ಇಲ್ಲ. ಇಡೀ ಟ್ರಂಕು ನೆಲಕ್ಕೆ ಸುರಿದು ಹುಡುಕಿದೆ ಕಣೋ. ತಾತ ಬೇಕಂತ ಮೋಸ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಹೊಳೆದೇ ಇಲ್ಲ. ನಮ್ಮ ಜಮೀನು ಉಳಿಸುವ ಕಾಗದ ಹೊತ್ತುಕೊಂಡು ಹೋಗಿ, ಕತ್ತಲಾದ ಮೇಲೆ ಬಂದು, ಹಿತ್ತಲ ಬಾಗಿಲಲ್ಲಿ ನಿಂತು ರಸೀದಿ ಕೊಟ್ಟು ಹೋದ ಮನುಷ್ಯನಿಗೂ ಒಂದು ಜಮೀನಿದೆ, ಅದಕ್ಕೂ ಇಂಥದೇ ಕಾಗದ ಬೇಕು ಅಂತ ಹೊಳೆದೇ ಇಲ್ಲ. ಹಿತ್ತಲ ಬಾಗಿಲು ಲೆಕ್ಕದ ಪುಸ್ತಕದಲ್ಲಿಲ್ಲ, ನಾನು ಸೇರಿಸಿದ್ದು. ತಪ್ಪಾಗಿರಲಿಕ್ಕಿಲ್ಲ. ಇನ್ನೊಂದು ನೋಡು, ಅಷ್ಟು ಹೊತ್ತಿಗೆ ಅವರು ತೋಟಿಯೂ ಅಲ್ಲ, ತಾತ ಶಾನುಭೋಗರೂ ಅಲ್ಲ. ಹುದ್ದೆ ಹೋಗಿತ್ತು, ಕಳಿಸುವ ರೂಢಿ ಹೋಗಿರಲಿಲ್ಲ.

ಹಾಗೆ ಉಳಿದ ಜಮೀನು ಮೂರು ಎಕರೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಸಂಬಳ ಅಷ್ಟಕ್ಕಷ್ಟೇ. ಅಕ್ಕನ ಮದುವೆಗೆ ಒಂದು ಎಕರೆ ಹೋಯಿತು. ನನ್ನ ಡಿಪ್ಲೊಮಾಗೆ ಅರ್ಧ ಎಕರೆ. "ನಮ್ಮನೇಲೇನು ಕೊಪ್ಪರಿಗೆ ಇತ್ತಾ, ಹೊಲ ಮಾರಿ ಓದಿದ್ದು" ಅಂತ ನಿನ್ನ ಎದುರಿಗೇ ಎಷ್ಟು ಸಲ ಹೇಳಿದ್ದೇನೆ! ಮಾರೋದಕ್ಕೆ ಹೊಲ ಇತ್ತಲ್ಲ ಅನ್ನೋದು ನನ್ನ ಕಿವಿಗೆ ನನಗೇ ಬೀಳಲಿಲ್ಲ. ನಿಮ್ಮ ಹೊಲ ಅಷ್ಟರಲ್ಲಿ ಪಹಣಿಯಲ್ಲಿ ಬೇರೆಯವರ ಹೆಸರಿಗೆ ಕೂತಾಗಿತ್ತು. ನಿಮ್ಮಪ್ಪ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು.

ನಮ್ಮ ಮನೆಯಲ್ಲಿ ಬಡತನ ಅಂದರೆ ಒಂದು ಆಸ್ತಿ ಇದ್ದ ಹಾಗೆ. ಎಲ್ಲರಿಗೂ ತೋರಿಸುತ್ತಿದ್ದೆವು. ಅದರಲ್ಲೂ ಅಪ್ಪನ ವಾರಾನ್ನದ ಕಥೆ. ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ ಊಟ. ಗುರುವಾರದ ಮನೆಯಾಕೆ ತಿಳಿಸಾರಿಗೆ ಇನ್ನಷ್ಟು ನೀರು ಹಾಕುತ್ತಿದ್ದಳು, ಶನಿವಾರದ ಮನೆಯಲ್ಲಿ ಊಟಕ್ಕೆ ಮೊದಲು ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಬೇಕಿತ್ತು. ಅಪ್ಪ ಹೇಳುವಾಗ ಅಮ್ಮ ಪ್ರತಿ ಸಲ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಕಥೆ ಸುಳ್ಳಲ್ಲ. ಹಸಿವೂ ಸುಳ್ಳಲ್ಲ. ಆದರೆ ಹದಿಮೂರು ವರ್ಷದ ಹುಡುಗನೊಬ್ಬ ಗೊತ್ತಿಲ್ಲದ ಪೇಟೆಗೆ ಹೋಗಿ, ಗೊತ್ತಿಲ್ಲದ ಏಳು ಮನೆಯ ಬಾಗಿಲು ತಟ್ಟಿದರೆ ಏಳೂ ತೆರೆಯುತ್ತಿದ್ದವು, ಒಳಗೆ ಕರೆದು ಎಲೆ ಹಾಕುತ್ತಿದ್ದರು. ಅದೇ ವಯಸ್ಸಿನ ನಿಮ್ಮಪ್ಪ ಹೋಗಿದ್ದರೆ? ಇದನ್ನು ಕೇಳಿಕೊಳ್ಳೋದಕ್ಕೆ ನನಗೆ ಐವತ್ತು ದಾಟಬೇಕಾಯಿತು. (ಲೋಟದ ಕಥೆ ಬರೆಯುವುದಿಲ್ಲ. ನಮ್ಮ ಜಗಲಿಯ ಮೂಲೆಯಲ್ಲಿ ಯಾವ ಲೋಟ ಇತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನನ್ನಂಥವರೆಲ್ಲ ಅದೊಂದನ್ನೇ ಬರೆದು ಕೈ ತೊಳೆದುಕೊಳ್ಳುತ್ತಾರೆ.)

1990 ನೆನಪಿದೆಯಾ? ಮಂಡಲ್ ಗಲಾಟೆ, ಹಿಂದುಳಿದ ಜಾತಿಗಳಿಗೆ ಕೇಂದ್ರದ ಕೆಲಸಗಳಲ್ಲಿ ಮೀಸಲಾತಿ ಕೊಡೋದು ಬೇಡ ಅಂತ. ಡೆಲ್ಲಿಯಲ್ಲಿ ಕಾಲೇಜು ಹುಡುಗರು ರಸ್ತೆ ಗುಡಿಸಿ, ಬೂಟ್ ಪಾಲಿಶ್ ಮಾಡಿ ಪ್ರತಿಭಟನೆ ಮಾಡಿದ ಫೋಟೊ ಪೇಪರಿನಲ್ಲಿ ಬಂದಿತ್ತು. ಹೊಟ್ಟೆ ಉರಿದು ನಿನಗೆ ತೋರಿಸಿದೆ. "ನೋಡೋ, ಓದಿದವರಿಗೆ ಎಂಥಾ ಗತಿ ಬಂತು." ನೀನು ಪೇಪರ್ ಈಸ್ಕೊಂಡು ಪೂರ್ತಿ ನೋಡಿದೆ. "ನಮ್ಮ ಚಿಕ್ಕಪ್ಪ ದಿನಾ ಗುಡಿಸ್ತಾನೆ, ಒಬ್ಬರೂ ಫೋಟೊ ತೆಗೀಲಿಲ್ಲ" ಅಂದೆ. ನಾನು ನಕ್ಕೆ. ತಮಾಷೆ ಮಾಡುತ್ತಿದ್ದೀಯ ಅಂದುಕೊಂಡಿದ್ದೆ. ಆಮೇಲೆ ಅಪ್ಪನ ವಾರಾನ್ನದ ಕಥೆ ಶುರು ಮಾಡಿದೆ.

ಬೆಂಗಳೂರಿನ ರೂಮಿನದು ಇದಕ್ಕಿಂತ ಕೆಟ್ಟದ್ದು. 1995. ರಾಜಾಜಿನಗರದಲ್ಲಿ ಮಹಡಿ ಮೇಲಿನ ಒಂಟಿ ಕೋಣೆ. ಓನರ್ ಮೆಟ್ಟಿಲ ಕೆಳಗೆ ನಿಂತು "ನೀವು ಯಾವ ಪೈಕಿ?" ಅಂದರು. ನೀನು ಬಾಯಿ ತೆಗೆಯುವ ಮೊದಲೇ ನಾನು "ನಾವು ನಿಮ್ಮವರೇ, ಪೂರ್ತಿ ವೆಜ್ಜು" ಅಂದುಬಿಟ್ಟೆ. ಇಬ್ಬರಿಗೂ ಸೇರಿಸಿ. ಒಂದೇ ನಿಮಿಷದಲ್ಲಿ ಬೀಗದ ಕೈ ಸಿಕ್ಕಿತು. ಎಂಥಾ ಉಪಕಾರ ಮಾಡಿದೆ ಅಂತ ನನಗೆ ಹೆಮ್ಮೆ! ಆ ಒಂದು ಮಾತಿನಿಂದ ಎರಡೂವರೆ ವರ್ಷ ನೀನು ಹೇಗೆ ಬದುಕಿದೆ ಅನ್ನೋದು ಪಕ್ಕದ ಚಾಪೆಯಲ್ಲೇ ಮಲಗುತ್ತಿದ್ದ ನನಗೆ ಕಾಣಲಿಲ್ಲ. ಓನರ್ ಹೆಂಡತಿ ಮಾತಾಡಿಸಿದರೆ ನೀನು ಎರಡು ಮಾತಿಗಿಂತ ಜಾಸ್ತಿ ಆಡುತ್ತಿರಲಿಲ್ಲ. ಮಾತಿನಲ್ಲಿ ಗೊತ್ತಾಗಿಬಿಡುತ್ತೆ ಅಂತ. ನಿಮ್ಮವ್ವ ನಿನ್ನನ್ನು ನೋಡೋಕೆ ಊರಿಂದ ಬಂದಾಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲೇ ಟೀ ಕುಡಿಸಿ, ಮಾತಾಡಿಸಿ, ವಾಪಸ್ ಬಸ್ಸು ಹತ್ತಿಸಿದೆ. ಅವರು ತಂದಿದ್ದ ಹುರಿದ ಕಡಲೆಕಾಯಿ ಮಾತ್ರ ರೂಮಿಗೆ ಬಂತು. "ಯಾಕೋ ಕರಕೊಂಡು ಬರಲಿಲ್ಲ?" ಅಂತ ಕೇಳಿದೆ. "ಸುಮ್ನೆ" ಅಂದೆ. ನಾನು ಕಡಲೆಕಾಯಿ ತಿಂದೆ. ನಮ್ಮಮ್ಮ ಅದೇ ರೂಮಿಗೆ ನಾಲ್ಕು ಸಲ ಬಂದು ಉಳಿದಿದ್ದಳು. ಓನರ್ ಮನೆಯ ಅಡುಗೆಮನೆಯಲ್ಲಿ ಕೂತು ಹಪ್ಪಳ ಒತ್ತಿ ಹೋಗಿದ್ದಳು.

ನಮ್ಮ ಪಡಸಾಲೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇತ್ತಲ್ಲ, ಟ್ರಂಕಿನ ಜೊತೆ ಅದನ್ನೂ ಇಳಿಸಿದೆ. ಅವರು ಕಟ್ಟಿದ ಅಣೆಕಟ್ಟಿನ ಕಥೆ ಬಾಯಿಪಾಠ ಆಗೋವಷ್ಟು ಕೇಳಿದ್ದೆ. ದಿವಾನ್ ಹುದ್ದೆ ಯಾಕೆ ಬಿಟ್ಟರು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ. ಆಗ ಮೈಸೂರು ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ನಮ್ಮವರ, ಅಂದರೆ ಬ್ರಾಹ್ಮಣರ ಕೈಯಲ್ಲಿತ್ತು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕು ಜನವೂ ಇರಲಿಲ್ಲ ನಾವು. ಉಳಿದವರಿಗೂ ಪಾಲು ಸಿಗಲಿ ಅಂತ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. 1990ರಲ್ಲಿ ಮೆರಿಟ್ಟು ಮೆರಿಟ್ಟು ಅಂತ ನಾನು ನಿನ್ನ ತಲೆ ತಿಂದೆನಲ್ಲ, ಅದು ನನ್ನ ಸ್ವಂತ ಬುದ್ಧಿ ಅಂದುಕೊಂಡಿದ್ದೆ. ಎಪ್ಪತ್ತು ವರ್ಷ ಹಳೇ ಸರಕು.

ಇನ್ನು ಮೂರು ವರ್ಷದ ಹಿಂದಿನ ತಾಲ್ಲೂಕು ಆಫೀಸು. ನಾನು ಮಗಳ ಇಡಬ್ಲ್ಯೂಎಸ್ ಸರ್ಟಿಫಿಕೇಟಿಗೆ ಹೋಗಿದ್ದೆ. ಆರ್ಥಿಕವಾಗಿ ಹಿಂದುಳಿದವರಿಗೆ ಅಂತ 2019ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿ ಕೊಟ್ಟ 10 ಪರ್ಸೆಂಟ್ ಮೀಸಲಾತಿ. ವರ್ಷಕ್ಕೆ 8 ಲಕ್ಷದೊಳಗೆ ಆದಾಯ ಇರಬೇಕು, ಅಂದರೆ ತಿಂಗಳಿಗೆ ಅರವತ್ತಾರು ಸಾವಿರ ದುಡಿದರೂ ಬಡವ. ಪೀಣ್ಯದ ಫ್ಯಾಕ್ಟರಿ ಸಂಬಳಕ್ಕೆ ಧಾರಾಳವಾಗಿ ಹೊಂದುತ್ತಿತ್ತು. ಎಸ್ಸಿ, ಎಸ್ಟಿ, ಒಬಿಸಿ ಬಡವರು ಇದರಲ್ಲಿ ಬರುವುದಿಲ್ಲ. ಮೀಸಲಾತಿ ಅಂದರೆ ಉರಿದು ಬೀಳುತ್ತಿದ್ದ ನಾನು ಎಲ್ಲ ಜೆರಾಕ್ಸ್ ಜೋಡಿಸಿಕೊಂಡು ಬೆಳಗ್ಗೆ ಹತ್ತಕ್ಕೇ ಹಾಜರ್. ನೀನು ನಿಮ್ಮ ಹೊಲದ ಹಳೇ ರೆಕಾರ್ಡ್ ಕೇಳೋಕೆ ಬಂದಿದ್ದೆ. ಇಸ್ತ್ರಿ ಶರ್ಟು, ಬ್ಯಾಂಕ್ ಮ್ಯಾನೇಜರ್. ನಾನು ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಗುಮಾಸ್ತ ನನ್ನ ಅರ್ಜಿ ನೋಡಿದ್ದೇ "ಓ, ಶಾನುಭೋಗ್ರ ಮನೆಯವ್ರಲ್ವಾ, ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಅಂತ ಕುರ್ಚಿ ಎಳೆದ. ಶಾನುಭೋಗಿಕೆ ರದ್ದಾಗಿ ಆಗಲೇ ಅರವತ್ತು ವರ್ಷ. ನಾನು ಕೂತೆ. ಆಮೇಲೆ ನಿನ್ನ ಕಡೆ ತಿರುಗದೆ ನನ್ನನ್ನೇ ಕೇಳಿದ: "ಇವರು? ಊರೊಳಗಾ, ಆಚೆನಾ?" ಐವತ್ತು ವರ್ಷದ ಗಂಡಸು ಎದುರಿಗೆ ನಿಂತಿದ್ದಾನೆ, ಅವನ ವಿಷಯ ನನ್ನ ಹತ್ತಿರ ಕೇಳುತ್ತಿದ್ದಾನೆ. "ನಮ್ಮೂರಿನವರೇ" ಅಂದೆ. ಚೆನ್ನಾಗಿ ಉತ್ತರ ಕೊಟ್ಟೆ ಅಂತ ಒಳಗೊಳಗೇ ಸಮಾಧಾನ. ಎದ್ದು ಕುರ್ಚಿ ನಿನಗೆ ಕೊಡಬಹುದಿತ್ತು. ಕನಿಷ್ಠ ನಾನೂ ನಿಂತುಕೊಳ್ಳಬಹುದಿತ್ತು. ನನ್ನ ಕೆಲಸ ಅರ್ಧ ಗಂಟೆಯಲ್ಲಿ ಆಯಿತು. "ಮಾತಾಡೋ ರೀತಿಯಲ್ಲಿ ಮಾತಾಡಿದ್ರೆ ಸರ್ಕಾರಿ ಆಫೀಸಲ್ಲೂ ಕೆಲಸ ಆಗುತ್ತೆ ಕಣೋ" ಅಂತ ಹೊರಗೆ ಬಂದು ನಿನಗೇ ಬುದ್ಧಿ ಹೇಳಿದೆ! ನಿನ್ನ ರೆಕಾರ್ಡ್ ಸಿಗಲಿಲ್ಲ. ಯಾವ ವರ್ಷದ್ದು, ಯಾವ ಸರ್ವೆ ನಂಬರು, ಅದಿಲ್ಲದೆ ಹುಡುಕೋಕೆ ಆಗಲ್ಲ ಹೋಗ್ರಿ ಅಂದ.

ಮಗಳು ಇದಕ್ಕೆ ಪ್ರಿವಿಲೇಜ್ ಅಂತಾಳೆ. ಕನ್ನಡದಲ್ಲಿ ಏನನ್ನಬೇಕು ಅಂತ ಯೋಚಿಸಿದೆ, ನಮ್ಮ ಮನೆ ಮಾತಲ್ಲಂತೂ ಅದಕ್ಕೊಂದು ಪದ ಇಲ್ಲ. ಅದೃಷ್ಟ ಅಂತಿದ್ದೆವು, ಸಂಸ್ಕಾರ ಅಂತಿದ್ದೆವು, ಅಪ್ಪನಾದರೆ ಪೂರ್ವಜನ್ಮದ ಪುಣ್ಯ ಅಂತಿದ್ದರು.

ಕ್ಷಮೆ ಕೇಳೋಣ ಅಂತ ಬರೆಯೋಕೆ ಕೂತವನು ನಾನು. ಬರೆಯುತ್ತಾ ಬರೆಯುತ್ತಾ ನಿನ್ನ ಮುಖ ಕಣ್ಣಿಗೆ ಬಂತು. "ಈಗ ನಿನ್ನ ಸಮಾಧಾನ ಮಾಡೋ ಕೆಲಸಾನೂ ನಂದೇನಾ?" ಅನ್ನುತ್ತೀಯ ನೀನು. ಆದ್ದರಿಂದ ಅದು ಬೇಡ. ಕೆಲಸದ ಮಾತಿಗೆ ಬರುತ್ತೇನೆ.

ಟ್ರಂಕಿನ ತಳದಲ್ಲಿ ಊರಿನ ಉಂಬಳಿ ಜಮೀನುಗಳ ಪಟ್ಟಿ ಸಿಕ್ಕಿದೆ. ತಾತನ ಕೈಬರಹ. ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಚಕ್ಕುಬಂದಿ ಎಲ್ಲ ಇದೆ. ಅಂಚು ಗೆದ್ದಲು ಹಿಡಿದಿದೆ, ಆದರೆ ಓದಬಹುದು. ಇದರಿಂದ ಜಮೀನು ವಾಪಸ್ ಬರುತ್ತೆ ಅಂತ ನಾನು ಹೇಳೋದಿಲ್ಲ. ಲಾಯರಿಗೆ ತೋರಿಸಬೇಕು. ರೆಕಾರ್ಡ್ ರೂಮಿನಲ್ಲಿ ಹುಡುಕೋಕಂತೂ ನಂಬರು ಸಿಕ್ಕ ಹಾಗಾಯಿತು. ನೀನು ಹೂಂ ಅಂದರೆ ರಜೆ ಹಾಕಿ ಬರುತ್ತೇನೆ. ಆ ಗುಮಾಸ್ತ ಎಳೆದು ಕೊಡುವ ಕುರ್ಚಿ ಒಂದು ಸಲವಾದರೂ ಉಪಯೋಗಕ್ಕೆ ಬರಲಿ.

ಒಂದೇ ತೊಡಕು. ತೋಟಿ ಉಂಬಳಿಯ ಎದುರು ಮೂರು ಹೆಸರುಗಳಿವೆ, ಮೂರಕ್ಕೂ ಬೇರೆ ಬೇರೆ ಸರ್ವೆ ನಂಬರು. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಎಲ್ಲಾ ಕಡೆ ಬರೀ "ತೋಟಿ". ಅವತ್ತು ಕೌಂಟರಿನಲ್ಲಿ ನಿಂತು ನೀನು ನಿಮ್ಮ ತಾತನ ಹೆಸರು ಎರಡು ಸಲ ಹೇಳಿದೆ, ಗುಮಾಸ್ತನಿಗೆ ಬಿಡಿಸಿ ಬಿಡಿಸಿ ಹೇಳಿದೆ. ನಾನು ಪಕ್ಕದಲ್ಲೇ ಕುರ್ಚಿ ಮೇಲೆ ಕೂತಿದ್ದೆ. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ನಮ್ಮ ತಾತನ ಹೆಸರು ನಿನಗೆ ಗೊತ್ತು, ಅವರ ಅಣ್ಣತಮ್ಮಂದಿರ ಹೆಸರೂ ಗೊತ್ತು.

ಹೆಸರು ಬರೆದು ಕಳಿಸೋ.

ನಿನ್ನ
ಹಳೇ ರೂಮ್‌ಮೇಟ್